ಜೂನ್‌ನಲ್ಲಿ ಬರೆದ ಶಾಲೆಯ ಗುರಿಗಳು ನಿಜವಾಗಿ ಮುಟ್ಟಿವೆಯಾ ಅಂತ ಪೋಷಕರು ನೋಡೋದು ಹೇಗೆ?

ಮಲೆನಾಡ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಸಣ್ಣ ಊರು. ಒಂದರಿಂದ ಐದರವರೆಗೆ ಸರ್ಕಾರಿ ಶಾಲೆ ಇದೆ. ಮಕ್ಕಳು ಒಟ್ಟು 26, ಟೀಚರ್ ಇಬ್ಬರು, ಅವರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಈ ವರ್ಷ ನನ್ನನ್ನೂ ಎಸ್‌ಡಿಎಂಸಿಗೆ, ಅಂದರೆ ಪೋಷಕರು ಇರೋ ಶಾಲಾ ಅಭಿವೃದ್ಧಿ ಸಮಿತಿಗೆ, ಹಾಕಿದ್ದಾರೆ. ಹಾಕಿದ್ದಾರೆ ಅಂದರೆ, ಅರ್ಧ ಜನ ಹೆಂಗಸರು ಇರಬೇಕಂತೆ, ಸಹಿ ಹಾಕಮ್ಮ ಅಂದರು, ಹಾಕಿದೆ.

ಜೂನ್ ಸಭೆಯಲ್ಲಿ ವರ್ಷದ ಗುರಿ ಅಂತ ನಾಲ್ಕು ಸಾಲು ಬರೆದು ಆಫೀಸ್ ರೂಮಿನ ಗೋಡೆಗೆ ಅಂಟಿಸಿದರು. ಮೂರನೇ ಕ್ಲಾಸಿನ ಮಕ್ಕಳೆಲ್ಲ ಕನ್ನಡ ಸರಾಗವಾಗಿ ಓದಬೇಕು, ಎಲ್ಲರಿಗೂ ಕೂಡುವ ಕಳೆಯುವ ಲೆಕ್ಕ ಬರಬೇಕು, ಶೇ. 100 ಹಾಜರಿ, ಪೋಷಕರ ಸಹಭಾಗಿತ್ವ. ಮೊನ್ನೆ ಫೆಬ್ರವರಿ ಸಭೆಯಲ್ಲಿ ನಾಲ್ಕರ ಮುಂದೆಯೂ 'ಉತ್ತಮ ಪ್ರಗತಿ' ಅಂತ ಬರೆದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಟೀ ಕುಡಿದೆವು, ಮುಗೀತು.

ನನ್ನ ಮಗಳು ಮೂರನೇ ಕ್ಲಾಸು. ಪುಸ್ತಕದ ಪದ್ಯ ಒಂದೇ ಉಸಿರಿಗೆ ಹೇಳುತ್ತಾಳೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಓದು ಅಂದರೆ 'ಹೆತ್ತೂರು' ಅನ್ನೋದನ್ನ 'ಹೆತೂರು' ಅಂದಳು. ಪಕ್ಕದ ಬಸ್ಸಿನ 'ಚಿಕ್ಕಮಗಳೂರು' ಕೂಡ ಅಷ್ಟೇ, ಒತ್ತು ಬಂದ ಕಡೆಯೆಲ್ಲ ಹಾರಿಸಿಕೊಂಡು ಹೋಗುತ್ತಾಳೆ. ಹಾಗಾದರೆ ಆ ಉತ್ತಮ ಪ್ರಗತಿ ಯಾರದ್ದು? ಕೇಳಬೇಕು ಅನ್ನಿಸುತ್ತೆ, ಆದರೆ ಮೇಡಂ ಒಳ್ಳೆಯವರು. ಬೇಜಾರು ಮಾಡಿಕೊಂಡು ವರ್ಗಾವಣೆ ತಗೊಂಡರೆ ನಮ್ಮೂರಿಗೆ ಇನ್ನೊಬ್ಬರು ಬರೋದು ಕಷ್ಟ. ಜಗಳ ಆಗದ ಹಾಗೆ ಏನು ಕೇಳಬಹುದು, ಯಾವುದನ್ನ ನೋಡಬಹುದು, ಗೊತ್ತಿರುವವರು ಹೇಳಿ.

ನಲಿಕಲಿ ಮೇಷ್ಟ್ರು

ನಾನು ಮೂಡಿಗೆರೆ ಕಡೆ ನಲಿಕಲಿ ತರಗತಿ (ಸಣ್ಣ ಕ್ಲಾಸಿನ ಮಕ್ಕಳು ಕಾರ್ಡು, ಚಟುವಟಿಕೆ ಮೂಲಕ ಅವರವರ ವೇಗದಲ್ಲಿ ಕಲಿಯೋದು) ತಗೊಳ್ಳುತ್ತೇನೆ, ಹಾಗಾಗಿ ಆ ಗೋಡೆಯ ಚಾರ್ಟ್ ಹೇಗೆ ಹುಟ್ಟುತ್ತೆ ಅಂತ ಚೆನ್ನಾಗಿ ಗೊತ್ತು. ಮೇಲಿನಿಂದ ಫಾರ್ಮ್ ಬರುತ್ತೆ, ತುಂಬಿ ಕಳಿಸಬೇಕು. ಮಧ್ಯೆ ಎಸ್‌ಎಟಿಎಸ್ ಅನ್ನೋ ಆನ್‌ಲೈನ್ ದಾಖಲೆಗೆ ಮಕ್ಕಳ ವಿವರ ಎಂಟ್ರಿ, ಇವತ್ತು ಮೊಟ್ಟೆ ಎಷ್ಟು ಜನಕ್ಕೆ ಬಾಳೆಹಣ್ಣು ಎಷ್ಟು ಜನಕ್ಕೆ ಅನ್ನೋ ಲೆಕ್ಕ, ಸುತ್ತಲಿನ ಶಾಲೆಗಳನ್ನ ನೋಡಿಕೊಳ್ಳೋ ಸಿಆರ್‌ಪಿ ಫೋನು. 'ಉತ್ತಮ ಪ್ರಗತಿ' ಅಂತ ಬರೆಯೋಕೆ ಅರ್ಧ ನಿಮಿಷ ಸಾಕು, ಅದಕ್ಕೇ ಬರೆಯುತ್ತೇವೆ.

ನೀವು ಆ ಚಾರ್ಟ್ ಬಿಡಿ, ಕ್ಲಾಸ್ ರೂಮಿನ ಗೋಡೆ ನೋಡಿ. ನಿಮ್ಮ ಶಾಲೆಯ ಮೂರನೇ ಕ್ಲಾಸೂ ನಲಿಕಲಿ ಆಗಿದ್ದರೆ ಅಲ್ಲಿ 'ಪ್ರಗತಿ ನೋಟ' ಇರಬೇಕು. ಪ್ರತಿ ಮಗುವಿನ ಹೆಸರಿನ ಮುಂದೆ ಯಾವ ಮೈಲಿಗಲ್ಲು ಮುಗಿದಿದೆ ಅಂತ ಗುರುತು ಹಾಕಿರುತ್ತೇವೆ. ನಿಮ್ಮ ಮಗಳು ಜೂನ್‌ನಲ್ಲಿ ಎಲ್ಲಿದ್ದಳು, ದಸರಾ ರಜೆಗೆ ಎಲ್ಲಿದ್ದಳು, ಈಗ ಎಲ್ಲಿದ್ದಾಳೆ ಅಂತ ಕೇಳಿ. ಇದು ಜಗಳದ ಪ್ರಶ್ನೆ ಅಲ್ಲವೇ ಅಲ್ಲ. ನಮಗೂ ಖುಷಿ, ಯಾರೋ ಒಬ್ಬರು ಅದನ್ನ ನೋಡಿದರಲ್ಲ ಅಂತ.

ಓದು ಬರುತ್ತಾ ಅಂತ ನೋಡೋಕೆ ಪಾಠದ ಪುಸ್ತಕ ಕೊಡಬೇಡಿ, ಮಕ್ಕಳಿಗೆ ಅದು ಬಾಯಿಪಾಠ ಆಗಿರುತ್ತೆ. ಮಕ್ಕಳಿಗೆ ಓದು ಲೆಕ್ಕ ಎಷ್ಟು ಬರುತ್ತೆ ಅಂತ ನೋಡೋಕೆ ಅಸರ್ ಸರ್ವೆಯವರು ಮನೆಮನೆಗೆ ಬರುತ್ತಾರಲ್ಲ, ಅವರ ಕ್ರಮ ಸುಲಭ. ಒಂದು ಸಣ್ಣ ಪ್ಯಾರಾ ಕೊಡಿ. ಬಂದರೆ ಎರಡನೇ ಕ್ಲಾಸ್ ಮಟ್ಟದ ಕಥೆ, ಬರದಿದ್ದರೆ ಬಿಡಿ ಪದ, ಅದೂ ಬರದಿದ್ದರೆ ಅಕ್ಷರ. ಒಂದೊಂದು ಮಗುವನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು, ಗುಂಪಲ್ಲಿ ಕೇಳಿದರೆ ಜೋರಾಗಿ ಕೂಗುವವರ ಹಿಂದೆ ಉಳಿದವರು ತುಟಿ ಆಡಿಸುತ್ತಾರೆ ಅಷ್ಟೇ.

ಲೆಕ್ಕಕ್ಕೆ 52ರಲ್ಲಿ 27 ಕಳೆ ಅಂತ ಕೊಡಿ. 25 ಬರೆದರೆ ಸರಿ. ತುಂಬಾ ಮಕ್ಕಳು 35 ಬರೆಯುತ್ತಾರೆ. ಯಾಕೆ ಅಂದರೆ 2ರಲ್ಲಿ 7 ಹೋಗಲ್ಲ ಅಂತ ತಿರುಗಿಸಿ 7ರಲ್ಲಿ 2 ಕಳೆದು 5, ಆಮೇಲೆ 5ರಲ್ಲಿ 2 ಕಳೆದು 3. ಆ ಮಗುವಿಗೆ ಕಳೆಯೋದು ಬರುತ್ತೆ, ದಶಕ ಬಿಡಿಸಿ ಸಾಲ ತರೋದು ಬರಲ್ಲ. 'ಗಣಿತದಲ್ಲಿ ಹಿಂದೆ' ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗಲ್ಲ. 35 ಅಂತ ಬರೆದ ಸ್ಲೇಟ್ ನೋಡಿದರೆ ನಾಳೆ ಬೆಳಗ್ಗೆ ಏನು ಹೇಳಿಕೊಡಬೇಕು ಅಂತ ಗೊತ್ತಾಗುತ್ತೆ. ಕಡ್ಡಿ ಕಂತೆ ಬಿಚ್ಚಿ ತೋರಿಸಿದರೆ ಆಯ್ತು.

ಎಸ್ಟೇಟ್ ರೈಟರ್

ಶೇ. 100 ಹಾಜರಿ ಅಂತ ಬರೆದವರು ಕಾಫಿ ಕೊಯ್ಲು ನೋಡಿಯೇ ಇಲ್ಲವಾ ಅಂತ ನನಗೆ ನಗು ಬರುತ್ತೆ. ಮೊದಲು ಅರೇಬಿಕಾ, ಅದರ ಬೆನ್ನಿಗೇ ರೋಬಸ್ಟಾ, ಫೆಬ್ರವರಿ ಮುಗಿಯೋ ತನಕ ಲೈನ್ ಮನೆಗಳಲ್ಲಿ (ತೋಟದ ಕೂಲಿಯವರ ಸಾಲು ಮನೆ) ಹಗಲು ದೊಡ್ಡವರು ಯಾರೂ ಇರಲ್ಲ. ಕೊಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ, ಹಾಗಾಗಿ ಗಂಡ ಹೆಂಡತಿ ಇಬ್ಬರೂ ತೋಟಕ್ಕೆ. ದೊಡ್ಡ ಮಗಳು ಮನೆಯಲ್ಲಿ ಕೂಸು ನೋಡಿಕೊಳ್ಳುತ್ತಾಳೆ. ಆ ಹುಡುಗಿ ನಾಲ್ಕನೇ ಕ್ಲಾಸು. ಇದಕ್ಕೆ ಮುಂಚೆ ಜುಲೈ ಮಳೆಗೆ ಡಿಸಿ ರಜೆ, ಆನೆ ಬಂದಿದೆ ಅಂತ ಮೆಸೇಜ್ ಬಂದ ದಿನ ಯಾರೂ ಮಕ್ಕಳನ್ನ ಹೊರಗೆ ಬಿಡಲ್ಲ. ಸುಮ್ನೆ ನೂರು ಅಂತ ಬರೆದರೆ ರಿಜಿಸ್ಟರ್‌ನಲ್ಲಿ ನೂರು ಆಗುತ್ತೆ ಅಷ್ಟೇ.

ನನ್ನ ಪ್ರಕಾರ ಗುರಿ ಹೀಗಿರಬೇಕು: ಕೊಯ್ಲಿನ ಮೂರು ತಿಂಗಳು ಯಾವ ಯಾವ ಮಕ್ಕಳು ತಪ್ಪಿಸುತ್ತಾರೆ ಅಂತ ಹೋದ ವರ್ಷದ ಹಾಜರಿ ಪುಸ್ತಕ ತೆಗೆದು ನವೆಂಬರ್‌ನಲ್ಲೇ ಹೆಸರು ಬರೆಯಿರಿ. ಹತ್ತು ಹೆಸರು ಬರಲಿಕ್ಕಿಲ್ಲ. ಆ ಮನೆಗಳಿಗೆ ಮುಂಚೆಯೇ ಹೋಗಿ ಮಾತಾಡಿ. ಪಂಚಾಯ್ತಿಯಲ್ಲಿ ಕೂಸಿನ ಮನೆ, ಅಂದರೆ ಹಗಲು ಪುಟ್ಟ ಮಕ್ಕಳನ್ನ ನೋಡಿಕೊಳ್ಳೋ ಜಾಗ, ಇದೆಯಾ ಕೇಳಿ. ಅದು ಉದ್ಯೋಗ ಖಾತರಿ ಕೆಲಸಕ್ಕೆ ಹೋಗೋ ತಾಯಂದಿರಿಗೆ ಅಂತ ಶುರುವಾದದ್ದು ನಿಜ, ಆದರೂ ಕೇಳೋದರಲ್ಲಿ ತಪ್ಪಿಲ್ಲ. ಕೂಸಿಗೆ ಒಂದು ಜಾಗ ಆದರೆ ಅಕ್ಕ ಶಾಲೆಗೆ ಬರುತ್ತಾಳೆ.

ಇನ್ನೊಂದು, ಅಸ್ಸಾಂ ಕಡೆಯಿಂದ ಬಂದವರ ಮಕ್ಕಳು. ವರ್ಷದ ಮಧ್ಯೆ ಬರುತ್ತಾರೆ, ಕೊಯ್ಲು ಮುಗಿದರೆ ಹೊರಟರು. ಅವರನ್ನ ಜೂನ್‌ನಿಂದ ಓದಿದ ಮಕ್ಕಳ ಜೊತೆ ಇಟ್ಟು ಅಳೆಯೋದು ಅನ್ಯಾಯ. ಸೇರಿದ ದಿನದಿಂದ ಲೆಕ್ಕ ಇಡಿ.

ಹಾಸನದ ಹುಡುಗ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋ ಬದಲು ಕಾನ್ವೆಂಟ್ ವ್ಯಾನಿಗೆ ಹತ್ತಿಸಿ ಮೇಡಂ. ಎಲ್ಲರೂ ಮಾಡೋದು ಅದೇ ಅಲ್ವಾ.

ನಿವೃತ್ತ ಎಚ್‌ಎಂ, ಅರಕಲಗೂಡು

ತಮ್ಮಾ, ವ್ಯಾನಿಗೆ ಹತ್ತಿಸಿದ ಮಕ್ಕಳಿಗೂ 52ರಲ್ಲಿ 27 ಕಳೆಯೋಕೆ ಕೊಟ್ಟು ನೋಡು, ಆಮೇಲೆ ಮಾತಾಡೋಣ.

ಅಮ್ಮಾ, ನಿಮಗೆ ಒಂದು ವಿಷಯ ಯಾರೂ ಹೇಳಿಲ್ಲ ಅನ್ನಿಸುತ್ತೆ. ಗುರಿ ಬರೆಯೋದು ಎಚ್‌ಎಂ ಒಬ್ಬರ ಕೆಲಸ ಅಲ್ಲ, ನಿಮ್ಮದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, 22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕಾದ್ದು ಆ ಸಮಿತಿ. ನೀವು ಸಹಿ ಹಾಕೋಕೆ ಮಾತ್ರ ಇರುವವರಲ್ಲ. ಯೋಜನೆ ಪುಸ್ತಕ ತೋರಿಸಿ ಅಂತ ಧೈರ್ಯವಾಗಿ ಕೇಳಿ.

ಸಣ್ಣ ಮಕ್ಕಳ ಓದು, ಲೆಕ್ಕಕ್ಕೆ ಅಂತ ಕೇಂದ್ರದವರ ನಿಪುಣ್ ಭಾರತ್ ಕಾರ್ಯಕ್ರಮ 2021ರ ಜುಲೈನಲ್ಲಿ ಶುರುವಾಯ್ತು. ಮೂರನೇ ಕ್ಲಾಸ್ ಮುಗಿಯುವಾಗ ಮಗು ಅರ್ಥ ಮಾಡಿಕೊಂಡು ಓದಬೇಕು, 9999ರವರೆಗೆ ಸಂಖ್ಯೆ ಓದಿ ಬರೆಯಬೇಕು ಅಂತ ಅದರ ಗುರಿ. ನಿಮಿಷಕ್ಕೆ 60 ಪದ ಅಂತಲೂ ಹಾಕಿದ್ದಾರೆ. ಅದನ್ನ ನಾನು ಅಷ್ಟು ನೆಚ್ಚಿಕೊಳ್ಳಲ್ಲ. ನಮ್ಮಲ್ಲಿ 'ಮನೆಯವರಿಗೆಲ್ಲ' ಅನ್ನೋದು ಒಂದೇ ಪದ, ಗಡಿಯಾರ ಹಿಡಿದು ಎಣಿಸಿದರೆ ಮಗು ಹೆದರಿ ನುಂಗುತ್ತೆ. ಓದಿದ ಮೇಲೆ 'ಕಥೆಯಲ್ಲಿ ಯಾರು ಬಿದ್ದರು, ಯಾಕೆ ಬಿದ್ದರು' ಅಂತ ಎರಡು ಪ್ರಶ್ನೆ ಕೇಳಿ. ಉತ್ತರ ಬಂದರೆ ಓದು ಬಂತು.

ಒಂದು ಮಾತಿಗೆ ನನ್ನ ಆಕ್ಷೇಪ ಇದೆ. ಮೇಷ್ಟ್ರು ಹೇಳಿದ ಪರೀಕ್ಷೆಯನ್ನ ಪೋಷಕರೇ ಹೋಗಿ ಮಾಡಬಾರದು. ಒಂದು ಮಗುವಿಗೆ ಬರಲ್ಲ ಅಂತ ಊರಿಗೆಲ್ಲ ಗೊತ್ತಾದರೆ ಅದು ಶಾಲೆಗೇ ಬರಲ್ಲ. ಟೀಚರ್ ಮಾಡಲಿ, ನೀವು ಪಕ್ಕ ಕೂತಿರಿ.

ನಲಿಕಲಿ ಮೇಷ್ಟ್ರು

ಸರ್ ಹೇಳಿದ್ದು ಒಪ್ಪುತ್ತೇನೆ. ಸ್ವಂತ ಮಗುವನ್ನ ಮನೆಯಲ್ಲಿ ನೋಡಿ, ಉಳಿದವರದ್ದು ಟೀಚರ್ ಕೈಯಲ್ಲೇ ಇರಲಿ.

ಮಲೆನಾಡ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಕಾನ್ವೆಂಟ್ ಅಣ್ಣನಿಗೆ ಹೇಳೋದು ಇಷ್ಟೇ, ನಮ್ಮ ಶಾಲೆಯಲ್ಲಿ ಇರೋದೇ 26 ಮಕ್ಕಳು. ನಾವೇ ನಾಲ್ಕು ಮನೆಯವರು ಬಿಡಿಸಿಕೊಂಡರೆ ಶಾಲೆಗೆ ಬೀಗ ಬೀಳುತ್ತೆ, ಲೈನ್ ಮನೆ ಮಕ್ಕಳು ಆಮೇಲೆ ಎಲ್ಲಿಗೆ ಹೋಗಬೇಕು?

ಇವತ್ತು ಮೇಡಂ ಹತ್ತಿರ ಪ್ರಗತಿ ನೋಟ ತೋರಿಸಿ ಅಂತ ಕೇಳಿದೆ. ಬೇಜಾರೇ ಮಾಡಿಕೊಳ್ಳಲಿಲ್ಲ, ಕುರ್ಚಿ ಎಳೆದು ಕೂರಿಸಿದರು. ಒತ್ತಕ್ಷರದ ಹತ್ತಿರ ನಿಂತಿರೋದು ನನ್ನ ಮಗಳೊಬ್ಬಳೇ ಅಲ್ಲ, ಮೂರನೇ ಕ್ಲಾಸಿನ ಆರು ಮಕ್ಕಳಲ್ಲಿ ನಾಲ್ಕು ಜನ. ಮಳೆ ರಜೆಯಲ್ಲಿ ಆ ಭಾಗ ತುಂಡಾಯ್ತು, ಶನಿವಾರ ಸರಿದೂಗಿಸೋಕೆ ಹೋದೆ, ಅಷ್ಟರಲ್ಲಿ ಟ್ರೈನಿಂಗ್ ಬಂತು ಅಂದರು. ಬೇಸಿಗೆ ರಜೆಗೆ ಇನ್ನು ಸ್ವಲ್ಪವೇ ದಿನ ಇದೆ. ಅಷ್ಟರಲ್ಲಿ ಈ ನಾಲ್ಕು ಜನಕ್ಕೆ ಏನು ಮಾಡಬಹುದು?

ನಲಿಕಲಿ ಮೇಷ್ಟ್ರು

ಆಗುತ್ತೆ. ಎಲ್ಲ ಒತ್ತು ಒಟ್ಟಿಗೆ ಬೇಡ. ಮೊದಲು ಸಜಾತಿ ಒತ್ತು ಮಾತ್ರ: ಅಕ್ಕ, ಅಜ್ಜಿ, ಹತ್ತು, ಹಲ್ಲು, ಅಪ್ಪ. ಒಂದು ವಾರ ಇದೇ ಆಡಿಸಿ. ಅದು ಕೂತ ಮೇಲೆ ಪುಸ್ತಕ, ಶಕ್ತಿ, ಅಗ್ನಿ ಥರದ್ದು. ಮನೆಯಲ್ಲಿ ಸಾಮಾನಿನ ಚೀಟಿ ಅವಳ ಕೈಯಲ್ಲೇ ಬರೆಸಿ, ಸಕ್ಕರೆ, ಅಕ್ಕಿ, ಬೆಳ್ಳುಳ್ಳಿ, ಕೊತ್ತಂಬರಿ ಎಲ್ಲದರಲ್ಲೂ ಒತ್ತು ಇದೆ. ಪಂಚಾಯ್ತಿ ಲೈಬ್ರರಿಯಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ನಾಲ್ವರನ್ನೂ ಸೇರಿಸಿ, ರಜೆಯಲ್ಲಿ ಉಪಯೋಗಕ್ಕೆ ಬರುತ್ತೆ. ಮತ್ತೆ ಜೂನ್ ಸಭೆಯಲ್ಲಿ ಗೋಡೆಗೆ ಅಂಟಿಸುವಾಗ 'ಸರಾಗವಾಗಿ ಓದಬೇಕು' ಅಂತ ಬರೆಯೋಕೆ ಬಿಡಬೇಡಿ. 'ದಸರಾ ರಜೆಗೆ ಮುಂಚೆ ಮೂರನೇ ಕ್ಲಾಸಿನ ಎಲ್ಲರಿಗೂ ಸಜಾತಿ ಒತ್ತು, ಕೊಯ್ಲು ಶುರುವಾಗೋ ಮುಂಚೆ ಉಳಿದದ್ದು' ಅಂತ ಬರೆಸಿ.

ಎಸ್ಟೇಟ್ ರೈಟರ್

ಕೊಯ್ಲು ಶುರುವಾಗೋ ತಾರೀಕು ಬೇಕಾದರೆ ನನ್ನನ್ನ ಕೇಳಿ, ಅಕ್ಟೋಬರ್ ಕೊನೆಗೆ ಹಣ್ಣು ನೋಡಿ ಹೇಳುತ್ತೇನೆ.