ಸಹಾಯ ಬೇಕು: ಒಂದೇ ಹಡಗಿಗೆ ಎರಡು ಹೆಸರು, ಪಟ್ಟಿಯಲ್ಲಿ ಯಾವುದನ್ನು ಇಡಲಿ?

ಬಲ್ಲವರೆಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಯುದ್ಧನೌಕೆಗಳಿಗೆ ನಡುಗಡಲಿನಲ್ಲಿಯೇ ಎಣ್ಣೆ, ಮದ್ದುಗುಂಡು, ಆಹಾರ ಒದಗಿಸುತ್ತಿದ್ದ ಒಂದೇ ವರ್ಗದ ಐದು ಸರಬರಾಜು ಹಡಗುಗಳು ಕೊನೆಗೆ ಏನಾದವು ಎಂಬುದನ್ನು ಕನ್ನಡದಲ್ಲಿ ಪಟ್ಟಿ ಮಾಡುತ್ತಿದ್ದೇನೆ. ಫ್ರಾಂಕನ್ ಹಡಗು ತೊಂದರೆ ಕೊಡಲಿಲ್ಲ. 1945ರ ಏಪ್ರಿಲ್‌ನಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಸೋವಿಯತ್ ವಿಮಾನದಾಳಿಗೆ ಸಿಕ್ಕಿ ಮುಳುಗಿತು.

ನಾನು ಸಿಕ್ಕಿಬಿದ್ದಿರುವುದು ಆಲ್ಟ್‌ಮಾರ್ಕ್‌ನಲ್ಲಿ. 1940ರ ಫೆಬ್ರವರಿ 16ರ ರಾತ್ರಿ ನಾರ್ವೆಯ ಯೋಸಿಂಗ್ ಫ್ಯೋರ್ಡ್‌ನಲ್ಲಿ ಬ್ರಿಟನ್ನಿನ ಕೊಸಾಕ್ ನೌಕೆಯವರು ಈ ಹಡಗನ್ನೇರಿ, ಒಳಗೆ ಸೆರೆಯಲ್ಲಿದ್ದ ಸುಮಾರು 300 ಬ್ರಿಟಿಷ್ ನಾವಿಕರನ್ನು ಬಿಡಿಸಿದರು. ಹಡಗು ಪ್ರಸಿದ್ಧವಾದದ್ದೂ ಅಲ್ಲಿಯೇ. ಆದರೆ ಅದೇ ಹಡಗು ಮುಂದೆ ಉಕರ್‌ಮಾರ್ಕ್ ಎಂದು ಹೆಸರು ಬದಲಿಸಿಕೊಂಡು, 1942ರ ನವೆಂಬರ್ 30ರಂದು ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಸ್ಫೋಟಗೊಂಡು, ಹತ್ತಿರವೇ ನಿಂತಿದ್ದ ಥಾರ್ ಎಂಬ ಜರ್ಮನ್ ದಾಳಿ ಹಡಗನ್ನೂ ತನ್ನೊಂದಿಗೆ ಸುಟ್ಟುಹಾಕಿತು.

ಮೊದಲು ಎರಡು ಹೆಸರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದೆ. ಐದು ಹಡಗು ಆರಾದವು! ಕೊನೆಯ ಹೆಸರನ್ನಷ್ಟೇ ಉಳಿಸಿದಾಗ, ಆಲ್ಟ್‌ಮಾರ್ಕ್ ಎಲ್ಲಿ ಬಿಟ್ಟುಹೋಯಿತೆಂದು ಗೆಳೆಯರೊಬ್ಬರು ಕೇಳಿದರು. ಮೂಲ ಹೆಸರೇ ಇರಲಿ ಎಂದುಕೊಂಡರೆ ವೆಸ್ಟರ್‌ವಾಲ್ಡ್ ಅಡ್ಡ ಬರುತ್ತದೆ: ಅದು ಯುದ್ಧದಲ್ಲಿ ಬಹುಪಾಲು ದುಡಿದದ್ದು ನೋರ್ಡ್‌ಮಾರ್ಕ್ ಆಗಿ, ಯುದ್ಧ ಮುಗಿದ ಮೇಲೆ ಬ್ರಿಟಿಷ್ ನೌಕಾಪಡೆಗೆ ಸೇರಿ ಬುಲವಾಯೊ ಆಯಿತು.

ನನ್ನ ಪ್ರಶ್ನೆ ಇಷ್ಟೇ: ಹಡಗುಗಳ ಅಂತ್ಯವನ್ನು ಹೇಳುವ ಪಟ್ಟಿಯಲ್ಲಿ ಮುಖ್ಯ ಹೆಸರಾಗಿ ನೀರಿಗಿಳಿದಾಗ ಇಟ್ಟದ್ದನ್ನು ಬರೆಯಬೇಕೇ, ಅಥವಾ ಯುದ್ಧಕಾಲದ ಕೊನೆಯ ಹೆಸರನ್ನೇ? ಇಂಥ ಪಟ್ಟಿ ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಿ.