ತ್ರಿತ್ವ ಅಂದ್ರೆ ಮೂರು ದೇವರಾ? ಬೈಬಲಿನಲ್ಲಿ ಎಲ್ಲಿದೆ?

ಬದಿಯಡ್ಕದವ:
ನಮ್ಮ ಪಕ್ಕದ ಮನೆಯವರು ಬೇಳ ಇಗರ್ಜಿಗೆ ಹೋಗುತ್ತಾರೆ. ಆ ಮನೆಯ ಅಜ್ಜಿ ಗಂಜಿ ಬಟ್ಟಲು ಮುಟ್ಟುವ ಮೊದಲು ಹಣೆ, ಎದೆ, ಎರಡು ಭುಜ ಮುಟ್ಟಿ ಪಿತ, ಸುತ, ಪವಿತ್ರಾತ್ಮ ಅನ್ನುತ್ತಾರೆ. ದೇವರು ಒಬ್ಬನೇ ಅಂತಲೂ ಹೇಳುತ್ತಾರೆ. ಇದು ಹೇಗೆ? ತಿಳಿಯುವ ಆಸೆ, ವಾದಕ್ಕಲ್ಲ.

ಕುಂಬಳೆ ಟೀಚರ್:
ಒಳ್ಳೆಯ ಪ್ರಶ್ನೆ ಮಾರಾಯ್ರೇ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಗೆ ತ್ರಿತ್ವ ಅನ್ನುತ್ತಾರೆ. ಆ ಪದ ಬೈಬಲಿನಲ್ಲಿ ಇಲ್ಲ, ಆದರೆ ವಿಷಯ ಇದೆ. ಮತ್ತಾಯ 28:19 ನೋಡಿ, ತಂದೆಯ, ಮಗನ, ಪವಿತ್ರಾತ್ಮನ ‘ಹೆಸರಿನಲ್ಲಿ’ ದೀಕ್ಷಾಸ್ನಾನ ಕೊಡಿ ಅಂತ ಇದೆ, ‘ಹೆಸರುಗಳಲ್ಲಿ’ ಅಂತ ಅಲ್ಲ, ಗ್ರೀಕ್ ಮೂಲದಲ್ಲೂ ಏಕವಚನವೇ. ನನಗೆ ಇದೊಂದೇ ಪದ ಎಷ್ಟೋ ದಿನ ತಲೆಯಲ್ಲಿ ಉಳಿದಿತ್ತು. ಧರ್ಮೋಪದೇಶಕಾಂಡ 6:4 ದೇವರು ಒಬ್ಬನೇ ಎನ್ನುತ್ತದೆ. ಅದನ್ನು ಯಾರೂ ಬಿಟ್ಟುಕೊಟ್ಟಿಲ್ಲ.

ಬದಿಯಡ್ಕದವ:
ಹಾಗಾದ್ರೆ ನೀರು, ಮಂಜುಗಡ್ಡೆ, ಆವಿ ಇದ್ದ ಹಾಗೆ ಅಲ್ವಾ?

ಮಂಜೇಶ್ವರದ ಓದುಗ:
ಅಲ್ಲ, ಆ ಹೋಲಿಕೆ ಜಾಸ್ತಿ ಜನ ಹೇಳುತ್ತಾರೆ, ಆದರೆ ಸರಿಹೊಂದುವುದಿಲ್ಲ. ಒಬ್ಬನೇ ಮೂರು ವೇಷ ಹಾಕಿದ ಹಾಗಾಗುತ್ತದೆ. ಮತ್ತಾಯ 3:16-17ರಲ್ಲಿ ಯೇಸು ನೀರಿನಿಂದ ಮೇಲೆ ಬರುತ್ತಾನೆ, ಆತ್ಮ ಪಾರಿವಾಳದ ಹಾಗೆ ಇಳಿಯುತ್ತದೆ, ಆಕಾಶದಿಂದ ‘ಈತನು ನನ್ನ ಪ್ರಿಯ ಮಗ’ ಎಂಬ ಧ್ವನಿ. ಮೂವರೂ ಒಂದೇ ಹೊತ್ತಿಗೆ! ಯೋಹಾನ 1:1 ಕೂಡ ಓದಿ, ವಾಕ್ಯ (ಅಂದರೆ ಮಗನಾದ ಯೇಸು) ದೇವರ ಬಳಿಯಲ್ಲಿತ್ತು, ವಾಕ್ಯವೇ ದೇವರಾಗಿತ್ತು. ಬೇರೆಯೂ ಹೌದು, ಒಂದೂ ಹೌದು. ಇದನ್ನು ಮಾತಿನಲ್ಲಿ ಹಿಡಿಯಲು ಬಿಷಪರು ಸೇರಿದ ಎರಡು ದೊಡ್ಡ ಸಭೆಗಳು, ಕ್ರಿ.ಶ. 325ರ ನೈಸಿಯಾ ಸಭೆ, 381ರ ಕಾನ್‌ಸ್ಟಾಂಟಿನೋಪಲ್ ಸಭೆ ಬೇಕಾದವು.

ಬದಿಯಡ್ಕದವ:
ಇವತ್ತು ಸಂಜೆ ಅಜ್ಜಿಯ ಹತ್ತಿರವೇ ಕೂತು ಮತ್ತಾಯ 3 ಓದುತ್ತೇನೆ.