ಉಡುಪಿ–ಆಗುಂಬೆ ಬೈಕ್ ದಾರಿ: ಘಾಟಿ ಇಳಿಯುವಾಗ ಬ್ರೇಕ್ ಸಮಸ್ಯೆ

ಪ್ರಶ್ನೆ: ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ 150 ಸಿಸಿ ಬೈಕ್, ಇಬ್ಬರು. ಇಳಿಯುವಾಗ ಹಿಂದಿನ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ, ಯಾಕೆ? ದಾರಿಯಲ್ಲಿ ಗೇರುಹಣ್ಣಿನಿಂದ ಸಾರಾಯಿ ಇಳಿಸುವ ಹಳೇ ಭಟ್ಟಿ ನೋಡಲು ಸಿಗುತ್ತದಾ?

ಉತ್ತರ 1: ಪೆಡಲ್ ಒತ್ತಿಕೊಂಡೇ ಇಳಿದರೆ ಡ್ರಮ್ ಒಳಗೆ ಉಜ್ಜುವ ಲೈನರ್ ಕಾದು ಹಿಡಿತ ಬಿಡುತ್ತದೆ. 14 ಹೇರ್‌ಪಿನ್ ತಿರುವು ಉಂಟು. ಪ್ರತಿಯೊಂದಕ್ಕೂ ಮೊದಲೇ ಎರಡನೇ ಗೇರು, ತೀರಾ ಕಡಿದಾದಲ್ಲಿ ಒಂದನೇದು. ಬ್ರೇಕ್ ಬೈಕ್ ನೇರ ಇರುವಾಗಲೇ ಮುಗಿಸಿ. ಕ್ಲಚ್ ಹಿಡಿದು ಜಾರಿಸಲೇಬೇಡಿ. ಏರುವ ಬಸ್ಸಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕು, ಹಾರ್ನ್ ಕೇಳಿದರೆ ಎಡಕ್ಕೆ ನಿಲ್ಲಿ.

ಉತ್ತರ 2: ಭಟ್ಟಿ ಎಲ್ಲಿಯದು ಮಾರಾಯ್ರೆ! ಕಳ್ಳಭಟ್ಟಿ ಅಪರಾಧ, ಸರ್ಕಾರಿ ಸಾರಾಯಿಯೂ 2007ರ ಜುಲೈಯಿಂದ ಬಂದ್. ಪರವಾನಗಿಯ ಶೇಂದಿ ನಮ್ಮ ಜಿಲ್ಲೆಯಲ್ಲಿ ಉಂಟು. ಬೆಳಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಹುಳಿ, ಅಮಲೂ ಜಾಸ್ತಿ. ಬೈಕ್ ಮನೆ ಸೇರಿದ ಮೇಲೆ ಮಾತ್ರ.

ಉತ್ತರ 3: ಪೆಟ್ರೋಲ್ ಹೆಬ್ರಿಯಲ್ಲೇ ತುಂಬಿಸಿ. ಮಳೆಗೆ ನೆನೆದ ಚೈನ್‌ಗೆ ಮರುದಿನ ಎಣ್ಣೆ.